ಕಬ್ಬಿಣಕ್ಕೂ ನೆನಪಿದೆ

ಒಂದು ಹಳೆಯ ನೋಟ್‌ಬುಕ್ ತಗೊಳ್ಳಿ ಮಕ್ಕಳೇ. ಬಾಲ್‌ಪೆನ್ನಿನಲ್ಲಿ ಸ್ವಲ್ಪ ಒತ್ತಿ ನಿಮ್ಮ ಹೆಸರು ಬರೆಯಿರಿ. ಆ ಹಾಳೆ ಹರಿದು ಪಕ್ಕಕ್ಕಿಡಿ. ಕೆಳಗಿನ ಹಾಳೆ ನೋಡಿದರೆ ಬೆಳ್ಳಗೆ, ಖಾಲಿ. ಈಗ ಪೆನ್ಸಿಲನ್ನು ಅಡ್ಡ ಮಲಗಿಸಿ, ಸೀಸದ ಮಗ್ಗುಲಿನಿಂದ ಆ ಖಾಲಿ ಹಾಳೆಯನ್ನು ಮೆಲ್ಲಗೆ ಸವರುತ್ತಾ ಹೋಗಿ. ಬೂದು ಬಣ್ಣದ ನಡುವೆ ಬಿಳಿ ಗೆರೆಗಳು ಏಳುತ್ತವೆ. ಮೊದಲು ಒಂದು ಕೊಂಬು ಕಾಣುತ್ತದೆ, ಆಮೇಲೆ ಒಂದು ತಲೆಕಟ್ಟು, ಕೊನೆಗೆ ಇಡೀ ಹೆಸರು!

ಬರೆದ ಹಾಳೆ ಹೋಯಿತು, ಬರಹ ಉಳಿಯಿತು. ನಮ್ಮ ಬೀದಿಯಿಂದ ಕಳುವಾದ ಸ್ಕೂಟರೊಂದು ಮನೆಗೆ ಮರಳಿದ್ದು ಹೆಚ್ಚುಕಡಿಮೆ ಇದೇ ಉಪಾಯದಿಂದ.

ಬೀದಿಯ ತಿರುವಿನಲ್ಲಿ ಒಬ್ಬ ಅಕ್ಕ ಹೂ ಮಾರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಕನಕಾಂಬರ, ಕಾಕಡ ತರಬೇಕು. ಅದಕ್ಕೆಂದೇ ಸಾಲ ಮಾಡಿ ನೀಲಿ ಸ್ಕೂಟರ್ ತಗೊಂಡಿದ್ದರು. ಒಂದು ದಿನ ಬಾಗಿಲು ತೆಗೆದರೆ ಗಾಡಿ ನಿಲ್ಲಿಸಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಅವತ್ತು ಆಟೋ ಹಿಡಿದು ಹೋಗಿಬಂದರು. ದಿನದ ಲಾಭವೆಲ್ಲ ಆಟೋ ಬಾಡಿಗೆಗೇ ಸರಿಹೋಯಿತು. ಸ್ಕೂಟರ್ ಇಲ್ಲದಿದ್ದರೂ ಅದರ ಕಂತು ಕಟ್ಟುವುದು ತಪ್ಪಲಿಲ್ಲ. ಗಾಡಿ ಕಳುವು ಎಂದರೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಕಳಕೊಂಡವರ ಮನೆಯಲ್ಲಿ ಮಾತ್ರ ಅದು ತಿಂಗಳುಗಟ್ಟಲೆ ನಡೆಯುವ ಕಷ್ಟ.

ಠಾಣೆಗೆ ದೂರು ಕೊಡಲು ಹೋದಾಗ ಅಲ್ಲಿಯವರು ಮೊದಲು ಕೇಳಿದ್ದು ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿ. ಅದರಿಂದ ಮೂರು ಸಂಖ್ಯೆಗಳನ್ನು ಬರೆದುಕೊಂಡರು. ಒಂದು, ನಮಗೆಲ್ಲ ಗೊತ್ತಿರುವ ನಂಬರ್ ಪ್ಲೇಟಿನ ಸಂಖ್ಯೆ. ಇನ್ನೆರಡು ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್. ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರು ಇನ್ನೊಂದು ಅಂತ ನಿಮಗೆಲ್ಲ ಇರುತ್ತದಲ್ಲ, ಹಾಗೆ ಗಾಡಿಗೆ ಮೂರು ಹೆಸರು.

ಪ್ಲೇಟಿನ ಹೆಸರು ಓದುವುದು ಸುಲಭ. ಕೆಎ ಎಂದರೆ ಕರ್ನಾಟಕ. ಅದರ ಮುಂದಿನ ಎರಡು ಅಂಕಿ ಗಾಡಿಯನ್ನು ನೋಂದಾಯಿಸಿದ್ದು ಯಾವ ಆರ್‌ಟಿಒ ಕಚೇರಿ ಎಂಬುದನ್ನು ಹೇಳುತ್ತವೆ. 06 ತುಮಕೂರು, 12 ಮಡಿಕೇರಿ, 19 ಮಂಗಳೂರು, 25 ಧಾರವಾಡ, 32 ಕಲಬುರಗಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಇದನ್ನೇ ಆಟ ಮಾಡಿಕೊಳ್ಳಬಹುದು: ಯಾವ ಊರಿನ ಗಾಡಿ ನಮ್ಮೂರಿಗೆ ಬಂದಿದೆ ಅಂತ ಪತ್ತೆ ಹಚ್ಚುವುದು.

ಚಾಸಿಸ್ ನಂಬರ್ ಹಾಗಲ್ಲ. ಅದು ಗಾಡಿಯ ಮೈಯೊಳಗೇ ಇರುತ್ತದೆ. ಕಾರ್ಖಾನೆಯಲ್ಲೇ ಗಾಡಿಯ ಚೌಕಟ್ಟಿನ ಮೇಲೆ ಕುಟ್ಟಿ ಮೂಡಿಸಿರುತ್ತಾರೆ. ಒಟ್ಟು 17 ಅಕ್ಷರ ಮತ್ತು ಅಂಕಿ. ಮೊದಲ ಮೂರು ತಯಾರಕರ ಗುರುತು. ಎಂಎ3 ಎಂದಿದ್ದರೆ ಮಾರುತಿ ಸುಜುಕಿ, ಎಂಡಿ2 ಎಂದಿದ್ದರೆ ಬಜಾಜ್. ಉಳಿದವುಗಳಲ್ಲಿ ಯಾವ ಮಾದರಿಯ ಗಾಡಿ, ಎಷ್ಟನೆಯದು ಎಂಬ ವಿವರಗಳು ಅಡಗಿರುತ್ತವೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಈ ಸಂಖ್ಯೆಯಲ್ಲಿ ಬಳಸುವುದೇ ಇಲ್ಲ! ಐ ಬರೆದರೆ ಒಂದು ಅಂತ ಓದಿಬಿಡಬಹುದು, ಒ ಮತ್ತು ಕ್ಯೂ ಸೊನ್ನೆಯ ಹಾಗೆ ಕಾಣಬಹುದು. ಎಣ್ಣೆ, ಧೂಳು ಮೆತ್ತಿಕೊಂಡ ಕಬ್ಬಿಣದ ಮೇಲೆ, ಟಾರ್ಚ್ ಬೆಳಕಿನಲ್ಲಿ, ಬಗ್ಗಿ ಓದುವವರ ಕಷ್ಟವನ್ನು ಯಾರೋ ಮೊದಲೇ ಯೋಚಿಸಿದ್ದಾರೆ. 30 ವರ್ಷಗಳ ಅವಧಿಯಲ್ಲಿ ಯಾವ ಎರಡು ವಾಹನಗಳಿಗೂ ಒಂದೇ ಸಂಖ್ಯೆ ಬರಕೂಡದು ಎಂಬುದು ಜಗತ್ತೇ ಒಪ್ಪಿಕೊಂಡ ನಿಯಮ.

ಕಳ್ಳರ ತಲೆನೋವು ಇರುವುದು ಇಲ್ಲೇ. ಗಾಡಿ ಕದಿಯಬಹುದು, ಆದರೆ ಗಾಡಿಯ ಜೊತೆ ಅದರ ಹೆಸರೂ ಬರುತ್ತದೆ. ಹಾಗಾಗಿ ಅವರು ಮೊದಲು ಮಾಡುವ ಕೆಲಸ ಪ್ಲೇಟ್ ಬದಲಿಸುವುದು.

ಹಿಂದೆ ಅದು ಸಲೀಸಾಗಿತ್ತು. ಎರಡು ಸ್ಕ್ರೂ ತೆಗೆದರೆ ಪ್ಲೇಟ್ ಕೈಗೆ ಬರುತ್ತಿತ್ತು, ಹೊಸದನ್ನು ಯಾವ ಅಂಗಡಿಯಲ್ಲಾದರೂ ಬರೆಸಬಹುದಿತ್ತು. ಕೆಲವರಂತೂ 8055 ಅನ್ನುವ ಅಂಕಿಗಳನ್ನು ಇಂಗ್ಲಿಷಿನ ‘ಬಾಸ್’ ಎಂದು ಕಾಣುವ ಹಾಗೆ ವಯ್ಯಾರವಾಗಿ ಬರೆಸುತ್ತಿದ್ದರು. ಈಗ 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಎಂಬ ವಿಶೇಷ ಪ್ಲೇಟ್ ಕಡ್ಡಾಯ. ಹಳೆಯ ಗಾಡಿಗಳಿಗೂ ಅದನ್ನೇ ಹಾಕಿಸಬೇಕು ಎಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶವಾಯಿತು. ಮನೆಯಲ್ಲಿ ಅಂಥ ಪ್ಲೇಟ್ ಇರುವ ಗಾಡಿ ಇದ್ದರೆ ಹತ್ತಿರ ಹೋಗಿ ನೋಡಿ. ಎಡಮೂಲೆಯಲ್ಲಿ ಅಶೋಕಚಕ್ರವಿರುವ ಹೊಳೆಯುವ ಹಾಲೋಗ್ರಾಂ, 2 ಸೆಂಟಿಮೀಟರ್ ಚೌಕ. ತಲೆ ಆಚೀಚೆ ಆಡಿಸಿದರೆ ಅದರ ಬಣ್ಣ ಬದಲಾಗುತ್ತದೆ. ಅದರ ಕೆಳಗೆಲ್ಲೋ ಲೇಸರ್ ಕಿರಣದಿಂದ ಕೊರೆದ ಸಣ್ಣ ಸಂಖ್ಯೆ ಕಾಣುತ್ತದೆ. ಅದು ಆ ಪ್ಲೇಟಿನದೇ ಹೆಸರು! ಸ್ಕ್ರೂ ಬದಲು ಒತ್ತಿದರೆ ಕಚ್ಚಿಕೊಳ್ಳುವ ಲಾಕ್ ಇರುತ್ತದೆ. ಅದನ್ನು ಬಿಚ್ಚಲು ಬರುವುದಿಲ್ಲ, ಮುರಿಯಬೇಕು. ಮುರಿದರೆ ಮತ್ತೆ ಕೂರಿಸಲಾಗದು.

ರಾತ್ರಿ ಈ ಪ್ಲೇಟಿನ ಮೇಲೆ ಟಾರ್ಚ್ ಬಿಟ್ಟು ನೋಡಿ. ಟಾರ್ಚನ್ನು ನಿಮ್ಮ ಹಣೆಯ ಹತ್ತಿರ ಹಿಡಿದರೆ ಪ್ಲೇಟ್ ಫಳ್ಳನೆ ಹೊಳೆಯುತ್ತದೆ. ಟಾರ್ಚನ್ನು ಅಲ್ಲೇ ತಮ್ಮನ ಕೈಗೆ ಕೊಟ್ಟು ನೀವು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಹೊಳಪು ಮಾಯ. ಕನ್ನಡಿಯ ಮೇಲೆ ಓರೆಯಾಗಿ ಬಿದ್ದ ಬೆಳಕು ಇನ್ನೊಂದು ಕಡೆಗೆ ಚಿಮ್ಮುತ್ತದೆ. ಈ ಪ್ಲೇಟಿಗೆ ಅಂಟಿಸಿದ ಹಾಳೆ ಮಾತ್ರ ಬೆಳಕು ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕಳಿಸುತ್ತದೆ. ಹೀಗೆ ಬೆಳಕನ್ನು ಹಿಂದಿರುಗಿಸಲು ಇಂಥ ಹಾಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳನ್ನೋ ಪುಟಾಣಿ ಪಟ್ಟಕಗಳನ್ನೋ ತುಂಬಿರುತ್ತಾರೆ. ರಾತ್ರಿ ಕೊಟ್ಟಿಗೆಯಲ್ಲಿ ದನದ ಕಣ್ಣು ಹೊಳೆಯುತ್ತದಲ್ಲ, ಅದೂ ಇದೇ ಬಗೆಯ ಹೊಳಪು.

ಈ ಹೊಳಪು ಪೊಲೀಸರ ಕ್ಯಾಮೆರಾಕ್ಕೆ ಬಹಳ ಉಪಕಾರಿ. ರಸ್ತೆಯ ಮೇಲೆ ಕಂಬಕ್ಕೆ ಕೂರಿಸಿದ ನಂಬರ್ ಓದುವ ಕ್ಯಾಮೆರಾ ರಾತ್ರಿ ಹೊತ್ತು ಅವಕೆಂಪು ಬೆಳಕನ್ನು ಬಿಡುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಗಾಡಿ ಓಡಿಸುವವರ ಕಣ್ಣಿಗೆ ಕುಕ್ಕುವುದಿಲ್ಲ. ಅಂಥ ಬೆಳಕು ಇದೆಯೋ ಇಲ್ಲವೋ ನೋಡಬೇಕೆಂದರೆ ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಮೊಬೈಲ್ ಪರದೆಯ ಮೇಲೆ ನಸುನೇರಳೆ ಮಿಣುಕು! ಕೆಲವು ಫೋನುಗಳಲ್ಲಿ ಹಿಂದಿನ ಕ್ಯಾಮೆರಾಕ್ಕಿಂತ ಸೆಲ್ಫಿ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ.

ಕ್ಯಾಮೆರಾ ಚಿತ್ರ ತೆಗೆದ ಮೇಲೆ ಕಂಪ್ಯೂಟರ್ ಅದರಲ್ಲಿ ಪ್ಲೇಟಿನ ಆಯತವನ್ನು ಹುಡುಕುತ್ತದೆ, ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಓದುವುದನ್ನು ಅದಕ್ಕೆ ನಾವೇ ಕಲಿಸಿರುತ್ತೇವೆ. ನಿಮಗೆ ಅ ಆ ಇ ಈ ತಿದ್ದಿಸಿದ ಹಾಗೆ, ಸಾವಿರಾರು ಬಗೆಯ ಎಂಟು, ಸಾವಿರಾರು ಬಗೆಯ ಬಿ ತೋರಿಸಿ ಇದು ಎಂಟು, ಇದು ಬಿ ಎಂದು ಹೇಳಿಕೊಟ್ಟಿರುತ್ತಾರೆ. ಆದರೂ ಸೊನ್ನೆ ಯಾವುದು, ಒ ಯಾವುದು ಅಂತ ಅದಕ್ಕೆ ಗೊಂದಲವಾಗುತ್ತದೆ. ಆಗ ಒಂದು ಜಾಣ್ಮೆ: ಕೆಎ ಆದ ಮೇಲಿನ ಎರಡು ಜಾಗದಲ್ಲಿ ಅಂಕಿಗಳೇ ಬರಬೇಕು. ಅಲ್ಲಿ ದುಂಡಗಿನದು ಕಂಡರೆ ಅದು ಸೊನ್ನೆಯೇ. ಬಾಸ್ ಎಂದು ಬರೆಸಿದ ಪ್ಲೇಟ್ ಯಾಕೆ ಕೂಡದು ಎಂದು ಈಗ ಗೊತ್ತಾಯಿತೇ?

ಓದಿದ ಸಂಖ್ಯೆಯನ್ನು ಕಳುವಾದ ಗಾಡಿಗಳ ಪಟ್ಟಿಯ ಜೊತೆ ತಾಳೆ ನೋಡುವುದು ಕಣ್ಣುಮಿಟುಕಿಸುವಷ್ಟರ ಕೆಲಸ. ಈ ವಿದ್ಯೆ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಅಲ್ಲಿನ ಪೊಲೀಸರಿಗಾಗಿಯೇ ಇದ್ದ ವಿಜ್ಞಾನ ಸಂಸ್ಥೆಯಲ್ಲಿ, 1976ರಲ್ಲಿ. 1981ರಲ್ಲಿ ಮೊದಲ ಸಲ ಇದರ ನೆರವಿನಿಂದ ಕದ್ದ ಕಾರು ಪತ್ತೆಯಾಗಿ ಕಳ್ಳ ಸಿಕ್ಕಿಬಿದ್ದ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ಇಂಥ ಕ್ಯಾಮೆರಾಗಳ ವ್ಯವಸ್ಥೆ ಶುರುವಾಯಿತು. ಸಿಗ್ನಲ್ ಹಾರುವವರನ್ನು, ಹೆಲ್ಮೆಟ್ ಇಲ್ಲದವರನ್ನು ಹಿಡಿಯುವುದು ಅದರ ಮುಖ್ಯ ಕೆಲಸ. ಆದರೆ ನಂಬರ್ ಓದಬಲ್ಲ ಕಣ್ಣು ಕಳುವಿನ ಗಾಡಿಯನ್ನೂ ಗುರುತಿಸಬಲ್ಲದು.

ಯಂತ್ರ ತಪ್ಪು ಓದುವುದೂ ಉಂಟು. ಅದಕ್ಕೇ ಗಾಡಿ ತಡೆಯುವ ಮೊದಲು ಮನುಷ್ಯರೊಬ್ಬರು ಚಿತ್ರವನ್ನು ಕಣ್ಣಾರೆ ನೋಡಬೇಕು. ಇನ್ನೊಂದು ಮಾತು. ಈ ಕ್ಯಾಮೆರಾ ಕಳ್ಳರ ಗಾಡಿಯನ್ನಷ್ಟೇ ನೋಡುವುದಿಲ್ಲ, ನಿಮ್ಮ ಅಪ್ಪನ ಗಾಡಿಯನ್ನೂ ನನ್ನದನ್ನೂ ನೋಡುತ್ತದೆ. ನಾವು ಎಲ್ಲಿಗೆ ಹೋದೆವು, ಎಷ್ಟು ಹೊತ್ತಿಗೆ ಬಂದೆವು ಎಂಬುದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರು ನೋಡಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು. ನೀವು ದೊಡ್ಡವರಾಗಿ ಇಂಥ ಯಂತ್ರ ಕಟ್ಟುವವರಾದರೆ ಇದನ್ನು ಮರೆಯಬೇಡಿ.

ಗಾಡಿ ಕಳುವೇ ಆಗದ ಹಾಗೆ ನೋಡಿಕೊಳ್ಳುವ ಉಪಾಯವೂ ಇದೆ. ಈಗಿನ ಅನೇಕ ಕಾರುಗಳ ಕೀಲಿಕೈಯೊಳಗೆ ಅಕ್ಕಿಕಾಳಿನ ಗಾತ್ರದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀಲಿ ಹಾಕುವ ಜಾಗದ ಸುತ್ತ ತಂತಿಯ ಸುರುಳಿಯೊಂದಿದ್ದು, ಅದರಲ್ಲಿ ವಿದ್ಯುತ್ ಅತ್ತಿತ್ತ ಓಲಾಡಿದಾಗ ಚಿಪ್ಪಿನೊಳಗಿನ ಪುಟ್ಟ ಸುರುಳಿಯಲ್ಲೂ ವಿದ್ಯುತ್ ಹುಟ್ಟುತ್ತದೆ. ಮುಟ್ಟದೆಯೇ ಹೀಗೆ ವಿದ್ಯುತ್ ಹುಟ್ಟಿಸಬಹುದೆಂದು 1831ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದರು. ಹಾಗೆ ಎಚ್ಚರಗೊಂಡ ಚಿಪ್ ಮತ್ತು ಕಾರಿನ ನಡುವೆ ಗುಟ್ಟಿನ ಮಾತುಕತೆ ನಡೆಯುತ್ತದೆ.

ಅದು ಎಂಥದೆಂದು ಆಡಿಯೇ ನೋಡಿ. ನೀವೂ ನಿಮ್ಮ ಗೆಳತಿಯೂ ಒಂದು ಗುಟ್ಟು ಮಾಡಿಕೊಳ್ಳಿ: ಹೇಳಿದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮೂರು ಕೂಡಿಸಬೇಕು. ನೀವು ಐದು ಎಂದರೆ ಆಕೆ ಹದಿಮೂರು ಎನ್ನಬೇಕು, ಎಂಟು ಎಂದರೆ ಹತ್ತೊಂಬತ್ತು. ಬಾಗಿಲಾಚೆ ಕದ್ದು ಕೇಳಿದವರು ನಾಳೆ ಬಂದು ‘ಹದಿಮೂರು’ ಎಂದರೆ ಏನೂ ನಡೆಯುವುದಿಲ್ಲ, ಯಾಕೆಂದರೆ ನಾಳೆ ನೀವು ಕೇಳುವ ಸಂಖ್ಯೆಯೇ ಬೇರೆ. ಕಾರು ಬಳಸುವ ಲೆಕ್ಕ ಇದಕ್ಕಿಂತ ಬಹಳ ಕಠಿಣ. ಉತ್ತರ ತಪ್ಪಾದರೆ ಎಂಜಿನ್ ಚಾಲೂ ಆಗುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ನೆದರ್ಲೆಂಡ್ಸಿನ ಲೆಕ್ಕ ಹಿಡಿದು ನೋಡಿದ ಅರ್ಥಶಾಸ್ತ್ರಜ್ಞರು, ಇದರಿಂದ ಕಾರು ಕಳುವು ನೂರಕ್ಕೆ 40ರಷ್ಟು ತಗ್ಗಿತೆಂದು ಅಂದಾಜು ಮಾಡಿದ್ದಾರೆ. ಪೊಲೀಸರ ಕೆಲಸದಲ್ಲಿ ಒಂದಿಷ್ಟು ಭಾರವನ್ನು ಒಂದು ಕಾಳಿನಷ್ಟು ಚಿಪ್ ಹೊತ್ತುಕೊಂಡ ಹಾಗಾಯಿತು!

ಕಳುವಾದ ಮೇಲೂ ಗಾಡಿಯೇ ‘ನಾನಿಲ್ಲಿದ್ದೇನೆ’ ಎಂದು ಕೂಗುವ ಹಾಗಿದ್ದರೆ? 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಲೋಜ್ಯಾಕ್ ಎಂಬ ಸಾಧನ ಬಂತು. ಕಾರಿನೊಳಗೆ ಎಲ್ಲೋ ಬಚ್ಚಿಟ್ಟ ಪುಟ್ಟ ರೇಡಿಯೊ ಅದು. ದೂರು ದಾಖಲಾದ ಕೂಡಲೇ ಅದಕ್ಕೆ ಸಂದೇಶ ಹೋಗುತ್ತದೆ, ಅದು ಸದ್ದಿಲ್ಲದೆ ರೇಡಿಯೊ ಅಲೆ ಬಿಡತೊಡಗುತ್ತದೆ. ಪೊಲೀಸ್ ಕಾರಿನ ಮೇಲೆ ನಾಲ್ಕು ಆಂಟೆನಾ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಕಟ್ಟಿಕೊಂಡಿದ್ದರೂ ನಗು ಯಾವ ಕಡೆಯಿಂದ ಬಂತೆಂದು ಎರಡು ಕಿವಿಗಳಿಂದ ತಿಳಿಯುತ್ತೀರಲ್ಲ, ಹಾಗೆ ಆ ಆಂಟೆನಾಗಳು ದಿಕ್ಕು ತಿಳಿಯುತ್ತವೆ. ಇದನ್ನು ಅಧ್ಯಯನ ಮಾಡಿದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಒಂದು ಸೊಗಸಾದ ಸಂಗತಿ ಹೇಳಿದರು. ಸಾಧನ ಯಾವ ಕಾರಿನಲ್ಲಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಹಾಗಾಗಿ ಕಳ್ಳರು ಎಲ್ಲ ಕಾರುಗಳಿಗೂ ಹೆದರುತ್ತಾರೆ. ಒಬ್ಬರು ಹಾಕಿಸಿಕೊಂಡರೆ ಪಕ್ಕದ ಮನೆಯವರ ಕಾರಿಗೂ ಕಾವಲು.

ಈಗ ಆ ಕೆಲಸವನ್ನು ಜಿಪಿಎಸ್ ಮಾಡುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಹೊರಟ ಸಂಕೇತ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ಆ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕಿ, ನಾಲ್ಕು ಉಪಗ್ರಹಗಳ ದೂರ ಹೊಂದಿಸಿದರೆ ಗಾಡಿ ಯಾವ ಬೀದಿಯಲ್ಲಿದೆ ಎಂಬುದು ಸಿಕ್ಕಿಬಿಡುತ್ತದೆ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳೂ ಇದೇ ಕೆಲಸಕ್ಕೆ ಇವೆ.

ಹೂವಿನ ಅಕ್ಕನ ಸ್ಕೂಟರಿನಲ್ಲಿ ಚಿಪ್ಪೂ ಇರಲಿಲ್ಲ, ಜಿಪಿಎಸ್ಸೂ ಇರಲಿಲ್ಲ, ಹೊಸ ಬಗೆಯ ಪ್ಲೇಟೂ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಬೇರೆ ತಾಲ್ಲೂಕಿನ ರಸ್ತೆಯಲ್ಲಿ ಪೊಲೀಸರು ಗಾಡಿಗಳನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರಂತೆ. ಒಬ್ಬ ಕಾನ್‌ಸ್ಟೆಬಲ್ ನೀಲಿ ಸ್ಕೂಟರಿನ ನಂಬರನ್ನು ಮೊಬೈಲಿನಲ್ಲಿ ಒತ್ತಿದರು. ದೇಶದ ವಾಹನಗಳ ದಾಖಲೆ ಈಗ ‘ವಾಹನ್’ ಎಂಬ ಗಣಕ ವ್ಯವಸ್ಥೆಯಲ್ಲಿದೆ. ಹಿಂದೆ ಆರ್‌ಟಿಒ ಕಚೇರಿಯ ದಪ್ಪ ರಿಜಿಸ್ಟರ್ ತಿರುವಿ ಹುಡುಕಬೇಕಾಗಿದ್ದುದು ಈಗ ರಸ್ತೆಬದಿಯಲ್ಲೇ ಸಿಗುತ್ತದೆ. ಆ ನಂಬರಿಗೆ ದಾಖಲೆಯಲ್ಲಿದ್ದದ್ದು ಕಪ್ಪು ಮೋಟಾರ್‌ಬೈಕ್! ಎದುರಿಗೆ ನಿಂತಿರುವುದು ನೀಲಿ ಸ್ಕೂಟರ್. ಪ್ಲೇಟ್ ಸುಳ್ಳು ಎಂದಾಯಿತು.

ಹಾಗಾದರೆ ಇದರ ನಿಜವಾದ ಹೆಸರೇನು? ಚಾಸಿಸ್ ನಂಬರ್ ಇರಬೇಕಾದ ಕಡೆ ಟಾರ್ಚ್ ಬಿಟ್ಟರೆ ಅಲ್ಲಿ ಸಂಖ್ಯೆಯೇ ಇಲ್ಲ. ಅರ ಹಾಕಿ ತಿಕ್ಕಿ ಸಪಾಟು ಮಾಡಿ, ಮೇಲೊಂದಿಷ್ಟು ಬಣ್ಣ ಬಳಿದಿದ್ದರು. ಎಂಜಿನ್ ನಂಬರನ್ನೂ ಉಜ್ಜಿಹಾಕಿದ್ದರು.

ನಿಮ್ಮ ನೋಟ್‌ಬುಕ್ಕಿನ ಕೆಳಗಿನ ಹಾಳೆ ನೆನಪಿದೆಯೇ?

ಕಬ್ಬಿಣ ಗಟ್ಟಿಯಾಗಿ, ಒಂದೇ ಸಮನಾಗಿ ಕಾಣುತ್ತದೆ. ಆದರೆ ಒಳಗೆ ಅದು ಸಣ್ಣ ಸಣ್ಣ ಹರಳುಗಳ ಗುಂಪು. ಹರಳಿನೊಳಗೆ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲುಸಾಲಾಗಿ ನಿಂತಿರುತ್ತವೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬಲವಾಗಿ ಅಂಕಿ ಒತ್ತಿದಾಗ ಮೇಲೆ ಕಾಣುವ ಗುಳಿ ಮಾತ್ರ ಬೀಳುವುದಿಲ್ಲ. ಗುಳಿಯ ತಳದಿಂದಲೂ ಕೆಳಕ್ಕೆ ಆ ಪೆಟ್ಟು ಇಳಿದು ಸಾಲುಗಳು ಚೆದುರುತ್ತವೆ, ಒಂದರ ಮೇಲೊಂದು ಒತ್ತರಿಸುತ್ತವೆ. ಅರ ಹಾಕಿದವರು ತೆಗೆದದ್ದು ಗುಳಿಯನ್ನು. ಕೆಳಗೆ ಚೆದುರಿದ ಸಾಲುಗಳು ಅಂಕಿಯ ಆಕಾರದಲ್ಲೇ ಹಾಗೇ ಉಳಿದವು.

ಅವನ್ನು ಕಣ್ಣಿಗೆ ಕಾಣಿಸುವುದು ಅಪರಾಧದ ಸುಳಿವುಗಳನ್ನು ಪರೀಕ್ಷಿಸುವ ವಿಧಿವಿಜ್ಞಾನದವರ ಕೆಲಸ. ನಮ್ಮ ರಾಜ್ಯದ ದೊಡ್ಡ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಈ ವಿದ್ಯೆ ಬಲ್ಲವರೊಬ್ಬರು ನನಗೆ ವಿವರಿಸಿದ್ದು ಹೀಗೆ. ಮೊದಲು ಬಣ್ಣ, ಗ್ರೀಸ್ ಒರೆಸಿ ತೆಗೆಯಬೇಕು. ನುಣ್ಣನೆಯ ಎಮರಿ ಕಾಗದದಿಂದ ಆ ಜಾಗವನ್ನು ಮುಖ ಕಾಣುವ ಹಾಗೆ ಉಜ್ಜಬೇಕು. ಆಮೇಲೆ ತಾಮ್ರದ ಕ್ಲೋರೈಡ್, ಹೈಡ್ರೋಕ್ಲೋರಿಕ್ ಆಮ್ಲ, ನೀರು ಬೆರೆಸಿದ ದ್ರವದಲ್ಲಿ ಹತ್ತಿಯನ್ನು ಅದ್ದಿ ಸವರಬೇಕು, ಮತ್ತೆ ಮತ್ತೆ, ಅವಸರವಿಲ್ಲದೆ. ಚೆದುರಿ ಒತ್ತಡದಲ್ಲಿರುವ ಪರಮಾಣುಗಳು ನೆಮ್ಮದಿಯಾಗಿ ಸಾಲಲ್ಲಿ ನಿಂತವುಗಳಿಗಿಂತ ಬೇಗ ಆಮ್ಲಕ್ಕೆ ಕರಗುತ್ತವೆ. ಹೊಳೆಯುವ ಲೋಹದ ಮೇಲೆ ಮೊದಲು ಮಂಕು ನೆರಳೊಂದು ಬರುತ್ತದೆ. ಅದು ಮೂರೋ ಎಂಟೋ ಹೇಳಲಾಗುವುದಿಲ್ಲ. ಇನ್ನೊಮ್ಮೆ ಹತ್ತಿ ಆಡಿಸುತ್ತಾರೆ, ದೀಪವನ್ನು ಓರೆ ಮಾಡುತ್ತಾರೆ. ಎಂಟು! ಕೂಡಲೇ ಫೋಟೊ ತೆಗೆಯಬೇಕು, ಯಾಕೆಂದರೆ ಆಮ್ಲ ಇನ್ನಷ್ಟು ತಿಂದರೆ ಮೂಡಿದ್ದೂ ಮಾಸಿಹೋಗಬಹುದು. ಕೆಲವೊಮ್ಮೆ ನಿಮಿಷಗಳಲ್ಲಿ ಆಗುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕು. ಈ ಆಮ್ಲ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಹಾಗಾಗಿ ಇದು ಪ್ರಯೋಗಾಲಯದವರಿಗೇ ಇರಲಿ. ನಿಮಗೆ ಪೆನ್ಸಿಲೇ ಸಾಕು.

ಎಲ್ಲ ಸಲವೂ ಇದು ಫಲಿಸುವುದಿಲ್ಲ. ತೀರಾ ಆಳಕ್ಕೆ ಅರ ಹಾಕಿದ್ದರೆ ಚೆದುರಿದ ಪದರವೂ ಹೋಗಿರುತ್ತದೆ. ಲೋಹವನ್ನು ಕೆಂಪಗೆ ಕಾಯಿಸಿದ್ದರೂ ಕಷ್ಟ. ಬಿಸಿಗೆ ಪರಮಾಣುಗಳು ಅಲುಗಾಡಿ ಮತ್ತೆ ಸಾಲು ಕಟ್ಟಿಕೊಳ್ಳುತ್ತವೆ, ಪೆಟ್ಟು ತಿಂದದ್ದನ್ನು ಮರೆತುಬಿಡುತ್ತವೆ.

ಅಕ್ಕನ ಸ್ಕೂಟರಿಗೆ ಹಾಗಾಗಿರಲಿಲ್ಲ. ಹದಿನೇಳರಲ್ಲಿ ಎರಡು ಅಂಕಿ ಬಿಟ್ಟು ಉಳಿದದ್ದೆಲ್ಲ ಮೂಡಿತು. ಆ ಹದಿನೈದನ್ನು ದಾಖಲೆಯ ಜೊತೆ ತಾಳೆ ಹಾಕಿ, ಕಳುವಾಗಿದೆ ಎಂದು ದೂರು ಬಂದಿದ್ದ ನೀಲಿ ಸ್ಕೂಟರುಗಳನ್ನಷ್ಟೇ ಜರಡಿ ಹಿಡಿದಾಗ ಉಳಿದದ್ದು ಒಂದೇ ಹೆಸರು. ಅದೂ ಅಕ್ಕ ಠಾಣೆಯಲ್ಲಿ ಅವತ್ತೇ ದೂರು ಬರೆಸಿದ್ದರಿಂದ. ಬರೆಸದೇ ಇದ್ದಿದ್ದರೆ ತಾಳೆ ನೋಡಲು ಪಟ್ಟಿಯಲ್ಲಿ ಆ ಹೆಸರೇ ಇರುತ್ತಿರಲಿಲ್ಲ.

ಕೋರ್ಟಿನ ಆದೇಶ ತಂದು ಗಾಡಿ ಬಿಡಿಸಿಕೊಳ್ಳುವ ಹೊತ್ತಿಗೆ ಇನ್ನೂ ಕೆಲವು ವಾರಗಳಾದವು. ಆಯುಧಪೂಜೆಯ ದಿನ ನಾನು ಹೂ ತರಲು ಹೋದಾಗ ಅಕ್ಕ ಸ್ಕೂಟರ್ ತೊಳೆದು ನಿಲ್ಲಿಸಿದ್ದರು. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಚಕ್ರದ ಮುಂದೆ ನಿಂಬೆಹಣ್ಣು, ಹೆಡ್‌ಲೈಟಿನ ಮೇಲೆ ಅರಿಸಿನ ಕುಂಕುಮ. ಆಮೇಲೆ ಅವರು ನೆಲಕ್ಕೆ ಮಂಡಿಯೂರಿ, ಚೌಕಟ್ಟಿನ ಆ ಉಜ್ಜಿದ ಜಾಗವನ್ನು ಬೆರಳಿನಿಂದ ಹುಡುಕಿ, ಅಲ್ಲಿಗೂ ಒಂದು ಬೊಟ್ಟು ಕುಂಕುಮ ಇಟ್ಟರು.